ಹಳೇ ಬೆಳ್ಳಿ ವಾಚಿನ ಮುದ್ರೆ ಓದಲು 10ಎಕ್ಸ್ ಟ್ರಿಪ್ಲೆಟ್ ಲೂಪ್ ಸಾಕು

ಆನ್‌ಲೈನ್‌ನಲ್ಲಿ ಲೂಪ್, ಅಂದರೆ ಕಣ್ಣಿನ ಹತ್ತಿರ ಹಿಡಿಯುವ ಪುಟ್ಟ ಭೂತಗನ್ನಡಿ, ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ‘30ಎಕ್ಸ್, ಎಲ್‌ಇಡಿ ಸಹಿತ’ ಅನ್ನುವ ಅಗ್ಗದ ಮಾಲು. ಯುರೋಪಿನ ಹಳೇ ಜೇಬುಗಡಿಯಾರದಲ್ಲಿ ಬೆಳ್ಳಿಯ ಶುದ್ಧತೆ ಸಾರುವ ಮುದ್ರೆ ಓದಲು ಅದು ಬೇಡ. ನಿಜಕ್ಕೂ 30ಎಕ್ಸ್ ಆಗಿದ್ದರೆ ಮಸೂರವನ್ನು ಲೋಹದಿಂದ ಸುಮಾರು 8 ಮಿ.ಮೀ. ದೂರದಲ್ಲಿ ಹಿಡಿಯಬೇಕು, ಆಗ ಪಕ್ಕದಿಂದ ಬೆಳಕು ನುಗ್ಗಲು ಜಾಗವೇ ಇರುವುದಿಲ್ಲ. ಎಷ್ಟೋ ಸಲ ಆ 30 ಡಬ್ಬದ ಮೇಲೆ ಮಾತ್ರ. 10ಎಕ್ಸ್‌ನಲ್ಲಿ ಸುಮಾರು 25 ಮಿ.ಮೀ. ಅಂತರ ಸಿಗುತ್ತದೆ. ಒಂದೆರಡು ಮಿ.ಮೀ. ಮುದ್ರೆಗೆ ಅದು ಧಾರಾಳ.

ಲೂಪು ಟ್ರಿಪ್ಲೆಟ್ (ಮೂರು ಮಸೂರ ಜೋಡಿಸಿದ್ದು) ಹೌದೋ ಅಲ್ಲವೋ ನೋಡಲು ಗ್ರಾಫ್ ಹಾಳೆ ಸಾಕು. ಗೆರೆಗಳು ಅಂಚಿನವರೆಗೂ ನೆಟ್ಟಗಿರಬೇಕು, ಬಣ್ಣದ ಎಳೆ ಕಾಣಬಾರದು. ಲೂಪಿನ ಹೊರಕವಚ ಕಪ್ಪಗಿರಲಿ. ಕ್ರೋಮ್ ಆದರೆ ಅದರ ಹೊಳಪೇ ಬೆಳ್ಳಿಯ ಮೇಲೆ ಬಿದ್ದು ಕಣ್ಣು ಕುಕ್ಕುತ್ತದೆ. ಎಲ್‌ಇಡಿ ಇದ್ದರೆ ಆಫ್ ಮಾಡಿಬಿಡಿ: ನೇರ ಬೆಳಕಿನಲ್ಲಿ ಸವೆದ ಮುದ್ರೆಯ ತಗ್ಗಿಗೆ ನೆರಳೇ ಇಲ್ಲವಾಗಿ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ಪುಟ್ಟ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು, ವಾಚನ್ನು ನಿಧಾನಕ್ಕೆ ತಿರುಗಿಸಿ. ಓದುವ ಮೊದಲು ಪಾಲಿಶ್ ಹಚ್ಚಲೇಬೇಡಿ. ತಗ್ಗಿನಲ್ಲಿ ಕೂತ ಕಪ್ಪು ಕಿಲುಬೇ ಅಕ್ಷರವನ್ನು ಎತ್ತಿ ತೋರಿಸುವುದು.

ಈ ಲೂಪಿಗೆ ನಿಜವಾದ ಪರೀಕ್ಷೆ ಸ್ವಿಸ್ ಕೇಸು, ಅಂದರೆ ವಾಚಿನ ಲೋಹದ ಕವಚ. 1880ರ ಕಾಯ್ದೆಯ ಪ್ರಕಾರ ಹಿಂಗಾಲ ಮೇಲೆ ನಿಂತ ಕರಡಿ ಅಂದರೆ 0.875 (ಸಾವಿರಕ್ಕೆ 875 ಪಾಲು) ಬೆಳ್ಳಿ, ಗ್ರೌಸ್ ಹಕ್ಕಿ ಅಂದರೆ 0.800. ಬರಿಗಣ್ಣಿಗೆ ಎರಡೂ ಒಂದೇ ಥರದ ಚುಕ್ಕೆ. 10ಎಕ್ಸ್‌ನಲ್ಲಿ ಹಕ್ಕಿಯ ಬಾಲ ಬೇರೆಯಾಗಿ ಕಾಣುತ್ತದೆ. ಮೂರು ಕರಡಿ ಇದ್ದರೆ 0.935. ಬ್ರಿಟನ್ 1887ರಲ್ಲಿ ಸರಕುಮುದ್ರೆಯ ಕಾಯ್ದೆ ಬಿಗಿ ಮಾಡಿದಾಗ, ಅಲ್ಲಿನ ಬೆಳ್ಳಿಯ ಮಟ್ಟವಾದ 0.925ಕ್ಕಿಂತ ಕಡಿಮೆ ಬೀಳದಿರಲೆಂದು ಸ್ವಿಸ್ಸರು ತಂದ ಗುಣಮಟ್ಟ ಅದು.

1907ರ ಜೂನ್‌ನಿಂದ ಬ್ರಿಟನ್ನಿಗೆ ಬಂದ ವಿದೇಶಿ ಕೇಸುಗಳಿಗೆ ಅಲ್ಲೇ ಆಮದು ಮುದ್ರೆ ಬೀಳತೊಡಗಿತು. ಲಂಡನ್ನಿನದು ಸಿಂಹರಾಶಿಯ ಚಿಹ್ನೆ. ಅದನ್ನು ಮಗುಚಿದ ಗ್ರೀಕ್ ಅಕ್ಷರ ಒಮೆಗಾ (Ω) ಎಂದು ಓದಿ, ಆ ಹೆಸರಿನ ಕಂಪನಿಯ ವಾಚು ಅಂತ ಬೆಲೆ ಏರಿಸುವವರೂ ಇದ್ದಾರೆ! ಪಕ್ಕದಲ್ಲಿ ‘ಜಿ.ಎಸ್.’ ಕಂಡರೆ ಅದು ಜಾರ್ಜ್ ಸ್ಟಾಕ್‌ವೆಲ್: ಕೇಸನ್ನು ಮುದ್ರೆಗೆ ಕಳಿಸಿದ ಏಜೆಂಟ್, ತಯಾರಕನಲ್ಲ. ಮುದ್ರೆ ಬಿದ್ದ ವರ್ಷ ಸೂಚಿಸುವ ಅಕ್ಷರವನ್ನು ಗುರುತು ಹಾಕಿಕೊಳ್ಳುವಾಗ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಬರೆದುಕೊಳ್ಳಿ. ಅದೇ ಅಕ್ಷರ ಇನ್ನೊಂದು ಸುತ್ತಿನಲ್ಲಿ ಮತ್ತೆ ಬಂದಿರುತ್ತದೆ, ಇಪ್ಪತ್ತು ವರ್ಷ ಅಥವಾ ಇನ್ನೂ ಹೆಚ್ಚು ಲೆಕ್ಕ ತಪ್ಪೀತು.

ಜರ್ಮನಿಯದು ಸುಲಭ: 1888ರಿಂದ ಅರ್ಧಚಂದ್ರ, ಕಿರೀಟ, ಜತೆಗೆ 800ರಂಥ ಸಂಖ್ಯೆ. ರಷ್ಯಾದ 84 ಅಂದರೆ 96ರಲ್ಲಿ 84 ಪಾಲು, ಅಂದರೆ ಸಾವಿರಕ್ಕೆ 875. ಬಿಐಎಸ್‌ನ 916 ನೋಡಿ ಅಭ್ಯಾಸವಾದವರು ಇದನ್ನು ಶೇಕಡಾ 84 ಅಂದುಕೊಳ್ಳುವುದುಂಟು.

14 ಮಿ.ಮೀ. ಮಸೂರಕ್ಕಿಂತ 18 ಅಥವಾ 21 ಮಿ.ಮೀ.ದು ಕೊಳ್ಳಿ, ಮುದ್ರೆಗಳ ಸಾಲು ಒಟ್ಟಿಗೆ ಕಾಣುತ್ತದೆ. ಕೀಲಿನ ತಿರುಪು ಸಡಿಲಾಗುವುದು ಈ ಮಾದರಿಗಳ ಕಾಯಿಲೆ, ಆಗಾಗ ಬಿಗಿ ಮಾಡಬೇಕು. ಇನ್ನು ಹಿಂಬದಿಯ ಮುಚ್ಚಳ ಮಾತ್ರ ನೋಡಿ ತೃಪ್ತಿಪಡಬೇಡಿ, ಒಳಮುಚ್ಚಳಕ್ಕೂ ಲೂಪ್ ಹಿಡಿಯಿರಿ: ಅಲ್ಲಿ ‘ಕ್ಯೂವ್ರ್’ (ಫ್ರೆಂಚ್‌ನಲ್ಲಿ ತಾಮ್ರ) ಅಥವಾ ‘ಮೆಟಲ್’ ಎಂದಿದ್ದರೆ ಆ ಭಾಗ ಬೆಳ್ಳಿಯಲ್ಲ, ತೂಕದ ಲೆಕ್ಕದಿಂದ ಅದನ್ನು ಕಳೆಯಬೇಕು.