ಕೋಟೆ ಸುತ್ತಲು ಆರ್ಗ್ಯಾನಿಕ್ ಮ್ಯಾಪ್ಸ್

ಚಿತ್ರದುರ್ಗದ ಕೋಟೆಯಲ್ಲಿ, ಜೋಗಿಮಟ್ಟಿಯ ಕಾಡಿನಲ್ಲಿ ನಡೆದಾಡುವವರಿಗೆ ನಮ್ಮ ಮೊದಲ ಆಯ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಫೋನ್ ನಕ್ಷೆ ಆ್ಯಪ್. ಉಚಿತ, ಜಾಹೀರಾತಿಲ್ಲ. 2004ರಲ್ಲಿ ಶುರುವಾದ, ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯೇ ಇದರ ಬಂಡವಾಳ. ಮನೆಯ ವೈಫೈನಲ್ಲೇ ಕರ್ನಾಟಕದ ನಕ್ಷೆ ಇಳಿಸಿಕೊಂಡು ಹೊರಡಿ. ಆಮೇಲೆ ಸ್ಥಳ ಹುಡುಕಲೂ ದಾರಿ ತೋರಲೂ ನೆಟ್ ಬೇಕಿಲ್ಲ.

ಜಿಪಿಎಸ್‌ಗೂ ಡೇಟಾ ಬೇಡ, ತಾಳ್ಮೆ ಬೇಕು. ಉಪಗ್ರಹಗಳ ಕಕ್ಷೆಯ ವಿವರ ನೆಟ್‌ನಿಂದ ಸಿಗದಿದ್ದಾಗ ಫೋನ್ ಅದನ್ನು ಉಪಗ್ರಹದಿಂದಲೇ ಪಡೆಯಬೇಕು, ಅದು 30 ಸೆಕೆಂಡಿಗೊಮ್ಮೆ ಪ್ರಸಾರವಾಗುತ್ತದೆ. ಹಾಗಾಗಿ ಕೋಟೆಯ ಬಾಗಿಲಲ್ಲಿ, ಆಕಾಶ ತೆರೆದಿರುವ ಕಡೆ ಒಂದೆರಡು ನಿಮಿಷ ನಿಂತು, ನೀವಿರುವ ಜಾಗ ತೋರುವ ಚುಕ್ಕಿ ಸ್ಥಿರವಾದ ಮೇಲೆ ಹೆಜ್ಜೆ ಹಾಕಿ. ಒನಕೆ ಓಬವ್ವನ ಕಿಂಡಿಯಂಥ ಇಕ್ಕಟ್ಟಿನಲ್ಲಿ ಸಿಗ್ನಲ್ ಬಂಡೆಗೆ ಬಡಿದು ತಡವಾಗಿ ಬರುವುದರಿಂದ ಚುಕ್ಕಿ ಪಕ್ಕಕ್ಕೆ ಹಾರಬಹುದು. ಅದು ಆ್ಯಪ್‌ನ ತಪ್ಪಲ್ಲ, ಯಾವ ಮ್ಯಾಪ್‌ನಲ್ಲೂ ಹೀಗೇ.

ಆ್ಯಪ್‌ನ ಲೇಯರ್‌ಗಳಲ್ಲಿ ಎತ್ತರದ ಗೆರೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಆನ್ ಮಾಡಲು ಮರೆಯಬೇಡಿ. ಗೆರೆಗಳು ಒತ್ತೊತ್ತಾಗಿದ್ದರೆ ಏರು ಕಡಿದು. ಈ ಬಂಡೆಬೆಟ್ಟಗಳಲ್ಲಿ ದೂರಕ್ಕಿಂತ ಇದೇ ಮುಖ್ಯ ಲೆಕ್ಕ.

ಆದರೆ ನಗರದ ವಾಹನ ದಟ್ಟಣೆ ನೋಡಲು, ಉದಾಹರಣೆಗೆ ದಾವಣಗೆರೆಯ ಪಿ.ಬಿ. ರಸ್ತೆಯ ಸಂಜೆಗೆ, ಗೂಗಲ್ ಮ್ಯಾಪ್ಸೇ ಸರಿ.

ದೇಗುಲ, ಹೊಂಡಗಳ ಕನ್ನಡ ಹೆಸರು ಕಾಣದಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ತೆರೆದು ನೀವೇ ಸೇರಿಸಿ. ಫಲಕ ನೋಡಿ ಬರೆಯಿರಿ. ಬೇರೆ ಕಂಪನಿಯ ನಕ್ಷೆಯಿಂದ ನಕಲು ಮಾಡುವುದು ಪರವಾನಗಿಗೆ ವಿರುದ್ಧ. ಸೇರಿಸಿದ್ದು ಇತರರಿಗೆ ಕಾಣುವುದು ಅವರು ಮುಂದಿನ ನಕ್ಷೆ ಅಪ್‌ಡೇಟ್ ಇಳಿಸಿಕೊಂಡ ಮೇಲೆ.