ಕಾರಿನ ಸ್ಟೀರಿಯೋದಲ್ಲಿ 'ಕುಂಯ್' ಸದ್ದು: ನಾನು ಮಾಡಿ ನೋಡಿದ ನಾಲ್ಕು ಮದ್ದು

ಎಂಜಿನ್ ಆಫ್ ಇದ್ದಾಗ ಹಾಡು ಚೊಕ್ಕವಾಗಿ ಕೇಳುತ್ತಿತ್ತು. ಎಂಜಿನ್ ಶುರುವಾದ ಕೂಡಲೇ ಸ್ಪೀಕರಿನಿಂದ 'ಕುಂಯ್' ಅಂತ ಒಂದು ಎಳೆ. ಆಕ್ಸಿಲರೇಟರ್ ಒತ್ತಿದರೆ ಅದು ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಜೋರು ಹಾಡಿನಲ್ಲಿ ಮುಚ್ಚಿಹೋಗುತ್ತದೆ, ನಿಜ. ಆದರೆ ನಾನು ಕಾರಿನಲ್ಲಿ ಕೇಳುವುದು ಜಾಸ್ತಿ ಕೊಳಲು, ವೀಣೆ. ಬೆಂಗಳೂರಿನಿಂದ ಹಾಸನಕ್ಕೆ ಹೋಗುವಾಗ, ಆಲಾಪನೆಯ ಮೆಲ್ಲನೆಯ ಜಾಗದಲ್ಲಿ, ತಂಬೂರಿಯ ಶ್ರುತಿಗೆ ಸೇರದ ಇನ್ನೊಂದು ಸ್ವರ ನೆಲಮಂಗಲದಿಂದ ಚನ್ನರಾಯಪಟ್ಟಣದವರೆಗೂ ಜೊತೆಗೆ ಬರುತ್ತಿತ್ತು. ತಡೆಯಲು ಆಗಲಿಲ್ಲ.

ಹಳೆಯ ಪೆಟ್ರೋಲ್ ಕಾರು. ಹೊಸ ಸ್ಟೀರಿಯೋ ಮತ್ತು ಹಿಂದಿನ ಸೀಟಿನ ಕೆಳಗೆ ನಾಲ್ಕು ಚಾನೆಲ್ಲಿನ ಆಂಪ್ (ಹಾಡಿನ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್) ಹಾಕಿಸಿದ ಮೇಲೆ ಶುರುವಾದ ಕಾಟ ಇದು. ಇದಕ್ಕೆ ಜನ ಹೇಳುವ ಮದ್ದು ನಾಲ್ಕು: ಪವರ್ ಫಿಲ್ಟರ್, ಗ್ರೌಂಡ್ ಲೂಪ್ ಐಸೊಲೇಟರ್, ಒಳ್ಳೆಯ ಆರ್‌ಸಿಎ ಕೇಬಲ್ (ಸ್ಟೀರಿಯೋದಿಂದ ಆಂಪಿಗೆ ಹಾಡು ಒಯ್ಯುವ ತಂತಿ), ಗ್ರೌಂಡ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಕಾರಿನ ಬಾಡಿಗೆ ಕೊಡುವ ಜೋಡಣೆ) ಸರಿಮಾಡುವುದು. ಒಂದೇ ಕಾರಿನಲ್ಲಿ, ಒಂದೇ ಹಾಡಿನಲ್ಲಿ, ನಾಲ್ಕನ್ನೂ ಮಾಡಿ ನೋಡಿದೆ.

ಮೊದಲು ಈ ಸದ್ದು ಎಲ್ಲಿಂದ ಬರುತ್ತದೆ ಅಂತ ಹೇಳಿಬಿಡುತ್ತೇನೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್. ಅದರಲ್ಲಿ ಹುಟ್ಟುವುದು ಮೂರು ಫೇಸಿನ ಎಸಿ. ಕರೆಂಟನ್ನು ಒಂದೇ ಕಡೆಗೆ ಬಿಡುವ ಆರು ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ. ಆದರೆ ಅದು ಬ್ಯಾಟರಿಯ ಡಿಸಿಯಷ್ಟು ನಯವಾಗಿರುವುದಿಲ್ಲ, ಮೇಲೆ ಸಣ್ಣ ಅಲೆ ಉಳಿಯುತ್ತದೆ. 12 ಪೋಲಿನ ಆಲ್ಟರ್ನೇಟರ್ ಅಂದುಕೊಳ್ಳಿ, ಅದರ ಪುಲ್ಲಿ ಎಂಜಿನ್ನಿಗಿಂತ ಎರಡೂವರೆ ಪಟ್ಟು ವೇಗವಾಗಿ ತಿರುಗುತ್ತದೆ ಅಂದುಕೊಳ್ಳಿ. 800 ಆರ್‌ಪಿಎಂನಲ್ಲಿ ಆ ಅಲೆ ಸುಮಾರು 1,200 ಹರ್ಟ್ಸ್. 2,000 ಆರ್‌ಪಿಎಂಗೆ 3,000 ಹರ್ಟ್ಸ್. ನಮ್ಮ ಕಿವಿ ಅತಿ ಚುರುಕಾಗಿರುವುದೇ ಅಲ್ಲಿ. ಅದಕ್ಕೇ ಇಷ್ಟು ಸಣ್ಣ ಸದ್ದೂ ಚುಚ್ಚುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದೆ. ಡಿಸಿ 14.1 ವೋಲ್ಟ್, ಎಸಿ 0.04 ವೋಲ್ಟ್. ಅಂದರೆ ಆಲ್ಟರ್ನೇಟರಿನ ಡಯೋಡುಗಳು ಚೆನ್ನಾಗಿವೆ. ಎಸಿ ಅರ್ಧ ವೋಲ್ಟಿನ ಹತ್ತಿರ ಬಂದರೆ ಸ್ಟೀರಿಯೋ ಬಿಟ್ಟು ಮೆಕ್ಯಾನಿಕ್ ಹತ್ತಿರ ಹೋಗಬೇಕು. ಒಂದು ಮಾತು: ಕೆಲವು ಅಗ್ಗದ ಮೀಟರುಗಳು ಎಸಿಗೆ ಇಟ್ಟಾಗ ಡಿಸಿಯನ್ನೂ ಸೇರಿಸಿ 30ರ ಹತ್ತಿರ ತೋರಿಸುತ್ತವೆ. ಗಾಬರಿಯಾಗಬೇಡಿ, ಕೆಂಪು ಕಪ್ಪು ಅದಲು ಬದಲು ಮಾಡಿ ನೋಡಿ. ಆಗ ಸೊನ್ನೆ ತೋರಿಸಿದರೆ ಅದು ಮೀಟರಿನ ದೋಷ.

ಕೆಲಸ ಮಾಡಿಸಿದ ಅಂಗಡಿಯವರು ಮೊದಲು ಕೊಟ್ಟದ್ದು ಪವರ್ ಫಿಲ್ಟರ್. ಒಳಗೆ ಒಂದು ಕಾಯಿಲ್, ಒಂದು ಕೆಪಾಸಿಟರ್, ಅಷ್ಟೇ. ಸ್ಟೀರಿಯೋಗೆ ಹೋಗುವ ಪವರ್ ವೈರನ್ನು ಕತ್ತರಿಸಿ ನಡುವೆ ಸೇರಿಸಬೇಕು. ನನ್ನ ಸ್ಟೀರಿಯೋ ಫ್ಯೂಸ್ 10 ಆಂಪಿಯರ್, ಆದ್ದರಿಂದ 15 ಆಂಪಿಯರಿನದ್ದು ತಂದೆ. ಸದ್ದು ಕೂದಲೆಳೆಯಷ್ಟು ಕಡಿಮೆಯಾಯಿತೋ ಇಲ್ಲವೋ ಅನ್ನುವ ಅನುಮಾನ ಮಾತ್ರ ಬಂತು. ಮನೆಯವರಿಗೆ ಹೇಳದೆ ಫಿಲ್ಟರ್ ತೆಗೆದು ಕೇಳಿಸಿದೆ, ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆಂಪ್ ಇಲ್ಲದ ಕಾರಿನಲ್ಲಿ, ಸದ್ದು ಪವರ್ ವೈರಿನಿಂದಲೇ ಬರುತ್ತಿದ್ದರೆ ಇದು ಕೆಲಸ ಮಾಡುತ್ತದೆ. ನನ್ನ ರೋಗ ಅದಾಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಿ ಒಂದು ಪರೀಕ್ಷೆ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಎಲ್ಲ ಆಫ್ ಮಾಡಿ, ಆಂಪಿಗೆ ಬರುವ ಆರ್‌ಸಿಎ ಕೇಬಲುಗಳನ್ನು ಕಳಚಿದೆ. ಅದರ ಜಾಗಕ್ಕೆ ಫೋನನ್ನು ನೇರವಾಗಿ ಜೋಡಿಸಿದೆ, ಚಾರ್ಜರಿಗೆ ಹಾಕದೆ. ಎಂಜಿನ್ ಶುರು ಮಾಡಿದೆ. ಹಾಡು ಬಂತು, ಕುಂಯ್ ಇಲ್ಲ! ಅಂದರೆ ಆಂಪ್ ಚೆನ್ನಾಗಿದೆ, ಸ್ಪೀಕರ್ ವೈರೂ ಚೆನ್ನಾಗಿದೆ. ತೊಂದರೆ ಇರುವುದು ಸ್ಟೀರಿಯೋ ಮತ್ತು ಆಂಪ್ ನಡುವಿನ ನಂಟಿನಲ್ಲಿ.

ಆ ನಂಟಿಗೇ ಐಸೊಲೇಟರ್. ಎಸ್‌ಪಿ ರೋಡಿನಲ್ಲಿ 250 ರೂಪಾಯಿಗೆ ಸಿಕ್ಕಿತು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್. ಹಾಡು ಕಾಂತಕ್ಷೇತ್ರದ ಮೂಲಕ ಆಚೆ ದಾಟುತ್ತದೆ, ತಂತಿಯ ಸಂಪರ್ಕ ಇರುವುದಿಲ್ಲ. ಹಾಕಿದ ತಕ್ಷಣ ಮೌನ. ಖುಷಿಯಾಗಿ ಯಡಿಯೂರಿನವರೆಗೂ ಒಂದು ಸುತ್ತು ಹೊಡೆದು ಬಂದೆ.

ಆದರೆ ಮೃದಂಗದ ತನಿ ಆವರ್ತನ ಬಂದಾಗ ಏನೋ ಕಡಿಮೆ ಅನ್ನಿಸಿತು. ಬಲಗಡೆಯ ನಾದ ಸರಿಯಾಗಿಯೇ ಇತ್ತು. ಎಡಗಡೆಯ 'ಗುಂ' ಮಾತ್ರ ಬಡವಾಗಿತ್ತು, ಹಲಗೆ ತಟ್ಟಿದ ಹಾಗೆ. ಅಗ್ಗದ ಐಸೊಲೇಟರಿನ ಟ್ರಾನ್ಸ್‌ಫಾರ್ಮರ್ ಬಹಳ ಚಿಕ್ಕದು. ಕೆಳಗಿನ ಸ್ವರಗಳು ಜೋರಾಗಿ ಬಂದರೆ ಅದರ ತಿರುಳು ತಾಳುವುದಿಲ್ಲ, ಬೇಸ್ ಸೋರಿಹೋಗುತ್ತದೆ. ದುಬಾರಿಯವು ಇದಕ್ಕಿಂತ ಚೆನ್ನಾಗಿರುತ್ತವೆ. ಆದರೂ ನನಗೆ ಕೊರೆಯುತ್ತಿದ್ದ ಪ್ರಶ್ನೆ ಬೇರೆ. ಸದ್ದಿನ ದಾರಿ ಮುಚ್ಚಿದೆ, ಸರಿ. ಆ ಸದ್ದು ಆ ದಾರಿಗೆ ಬಂದದ್ದಾದರೂ ಯಾಕೆ?

ನಡುವೆ ಕೇಬಲ್ ವಿಷಯ ಮುಗಿಸಿಬಿಡುತ್ತೇನೆ. ಐಸೊಲೇಟರ್ ತೆಗೆದು, 900 ರೂಪಾಯಿಯ ದಪ್ಪ ಆರ್‌ಸಿಎ ಕೇಬಲ್ ತಂದು, ಪವರ್ ವೈರ್ ಎಡಗಡೆ ಇದ್ದುದರಿಂದ ಇದನ್ನು ಬಲಗಡೆಯಿಂದ ಎಳೆದೆ. ಒಂದು ಭಾನುವಾರ ಪೂರ್ತಿ ಹೋಯಿತು. ಸದ್ದು ಹಾಗೇ ಇತ್ತು. ಕೇಬಲ್ ಬಗ್ಗೆ ಎಲ್ಲರೂ ಅಷ್ಟು ಹೇಳುತ್ತಾರೆ, ನನ್ನ ಕಾರಿನಲ್ಲಿ ಅದರಿಂದ ಆದದ್ದು ಏನೂ ಇಲ್ಲ.

ಕೊನೆಗೆ ಗ್ರೌಂಡ್. ಉದ್ದನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಕಚ್ಚಿಸಿ, ಕಿಟಕಿಯಿಂದ ಒಳಗೆ ತಂದು, ಮೀಟರಿನ ಕಪ್ಪು ಕಡ್ಡಿಗೆ ಕಟ್ಟಿದೆ. ಕೆಂಪು ಕಡ್ಡಿ ಆಂಪಿನ ಗ್ರೌಂಡ್ ಟರ್ಮಿನಲ್ ಮೇಲೆ. ಎಂಜಿನ್ ಆನ್, ಹಾಡು ಜೋರು. 0.38 ವೋಲ್ಟ್! 0.1ರ ಒಳಗೆ ಇರಬೇಕಾದದ್ದು.

ಸೀಟು ಎತ್ತಿ, ಕಾರ್ಪೆಟ್ ಮಡಚಿ ನೋಡಿದೆ. ತಗಡಿನ ಬಣ್ಣದ ಮೇಲೆಯೇ ಒಂದು ಸಣ್ಣ ಸ್ಕ್ರೂ ತಿರುವಿ, ಅದಕ್ಕೆ ವೈರಿನ ಎಳೆಗಳನ್ನು ಸುತ್ತಿಬಿಟ್ಟಿದ್ದರು. ತುದಿಗೆ ರಿಂಗ್ ಇಲ್ಲ. ಬೆರಳಲ್ಲಿ ಅಲುಗಿಸಿದರೆ ಅಲುಗುತ್ತಿತ್ತು. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ, ಸ್ಕ್ರೂವಿನ ಸುರುಳಿ ಗೆರೆಗಳಷ್ಟೇ ಲೋಹವನ್ನು ಮುಟ್ಟುತ್ತಿದ್ದವು. ಆಂಪಿನಿಂದ ಬ್ಯಾಟರಿಗೆ ವಾಪಸ್ ಹೋಗಲು ದಾರಿ ಸಾಲದೆ, ಕರೆಂಟಿನ ಒಂದು ಪಾಲು ಆರ್‌ಸಿಎ ಕೇಬಲಿನ ಹೊರ ಜಾಲರಿಯ ಮೂಲಕ ಸ್ಟೀರಿಯೋ ಕಡೆಗೆ ನುಗ್ಗುತ್ತಿತ್ತು. ಆಲ್ಟರ್ನೇಟರಿನ ಅಲೆಯೂ ಅದರ ಜೊತೆ. ಹಾಡು ಹೋಗುವ ದಾರಿಯೂ ಅದೇ ಅಲ್ವಾ? ಹೀಗೇ ಬಿಟ್ಟರೆ ಸ್ಟೀರಿಯೋ ಒಳಗಿನ ಆರ್‌ಸಿಎ ಗ್ರೌಂಡೇ ಸುಟ್ಟುಹೋಗಬಹುದು.

ಕೆಲಸ ಇಷ್ಟೇ. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿದೆ. ಬಾಡಿಯ ದಪ್ಪ ಲೋಹದಲ್ಲಿ ಇದ್ದ ಒಂದು ಬೋಲ್ಟ್ ಹುಡುಕಿದೆ. ಸೀಟ್ ಬೆಲ್ಟಿನ ಬೋಲ್ಟ್ ಮಾತ್ರ ಮುಟ್ಟಬಾರದು, ಅದು ಜೀವ ಕಾಯುವ ವಸ್ತು. ಎರಡು ರೂಪಾಯಿ ನಾಣ್ಯದಷ್ಟು ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿದೆ, ಬೆಳ್ಳಗೆ ಹೊಳೆಯುವವರೆಗೆ. ಪವರ್ ವೈರಿನಷ್ಟೇ ದಪ್ಪದ ವೈರಿಗೆ ರಿಂಗ್ ಒತ್ತಿಸಿ, ಒಂದೂವರೆ ಅಡಿ ಮೀರದ ಹಾಗೆ ಕತ್ತರಿಸಿ, ಬಿಗಿಯಾಗಿ ಕೂರಿಸಿದೆ. ತುಕ್ಕು ಹಿಡಿಯದಿರಲಿ ಅಂತ ಮೇಲೆ ಸ್ವಲ್ಪ ಗ್ರೀಸ್. ಎಲ್ಲ ಸೇರಿ 60 ರೂಪಾಯಿ, ಮುಕ್ಕಾಲು ಗಂಟೆ.

ಮೀಟರ್ ಈಗ 0.03 ತೋರಿಸಿತು. ಫಿಲ್ಟರ್ ಇಲ್ಲ, ಐಸೊಲೇಟರ್ ಇಲ್ಲ, ಕುಂಯ್ ಕೂಡ ಇಲ್ಲ. ಮೃದಂಗದ 'ಗುಂ' ಎದೆಗೆ ಬಂದು ತಾಗಿತು. ಆಮೇಲೆ ಆಂಪಿನ ಗೇನ್ (ಒಳಬರುವ ಹಾಡನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ತಿರುಗಣೆ) ಕೂಡ ಸ್ವಲ್ಪ ಇಳಿಸಿದೆ. ಅದನ್ನು ಸುಮ್ನೆ ಜಾಸ್ತಿ ತಿರುಗಿಸಿಟ್ಟಿದ್ದರು, ಎಂಜಿನ್ ಆಫ್ ಇದ್ದಾಗಲೂ ಬರುತ್ತಿದ್ದ 'ಸುಸ್' ಅದರಿಂದಲೇ.

ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಇದು: ಮೊದಲು ಮೀಟರ್ ಹಿಡಿದು ಗ್ರೌಂಡ್ ನೋಡಿ. ಅದು ಸರಿಯಿದ್ದೂ ಸದ್ದು ಉಳಿದರೆ ಆಗ ಐಸೊಲೇಟರ್. ಫಿಲ್ಟರ್ ಅದರ ನಂತರ. ಕೇಬಲ್ ಹರಿದಿಲ್ಲದಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ.

ಐಸೊಲೇಟರನ್ನು ನಾನು ಎಸೆಯಲಿಲ್ಲ. ತಂಗಿಯ ಕಾರಿನಲ್ಲಿ ಆಂಪ್ ಇಲ್ಲ, ಫೋನನ್ನು ಆಕ್ಸ್ ವೈರಿನಲ್ಲಿ ಜೋಡಿಸುತ್ತಾಳೆ. ಅದೇ ಫೋನನ್ನು ಕಾರಿನ ಚಾರ್ಜರಿಗೂ ಹಾಕಿದರೆ ಇದೇ ಕುಂಯ್. ಚಾರ್ಜರಿನ ಗ್ರೌಂಡ್ ಒಂದು ದಾರಿ, ಆಕ್ಸಿನ ಗ್ರೌಂಡ್ ಇನ್ನೊಂದು, ಫೋನ್ ನಡುವೆ. ಅಲ್ಲಿ ಉಜ್ಜಲು ಯಾವ ಬೋಲ್ಟೂ ಇಲ್ಲ. ಸಣ್ಣ ಸ್ಪೀಕರುಗಳು, ಬೇಸ್ ಹೋದರೂ ಗೊತ್ತಾಗುವುದಿಲ್ಲ. ಆರ್‌ಸಿಎಯಿಂದ ಆಕ್ಸಿಗೆ ಮಾಡುವ ಎರಡು ಜೋಡಣೆ ವೈರು ಹಾಕಿ, ಐಸೊಲೇಟರನ್ನು ಅವಳ ಗ್ಲವ್ ಬಾಕ್ಸಿನ ಹಿಂದೆ ಕಟ್ಟಿದ್ದೇನೆ. ಈಗ ಚಾರ್ಜ್ ಮಾಡುತ್ತಲೇ ಹಾಡು ಕೇಳುತ್ತಾಳೆ.