19,999 ರೂಪಾಯಿಯ ಫ್ಲೆಕ್ಸ್ ನೋಡಿ ಫೋನ್ ಕೊಳ್ಳಲು ಹೊರಟವರಿಗೆ

2025ರ ದಸರಾ ವಾರದಲ್ಲಿ ಮಗಳ ಕಾಲೇಜಿನ ಓದಿಗೆಂದು ಶಿವಮೊಗ್ಗದಲ್ಲಿ ಒಂದು ಮೊಬೈಲ್ ಕೊಂಡೆ. ಅಂಗಡಿಯ ಮುಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಅದರ ಬೆಲೆ 19,999 ರೂಪಾಯಿ ಎಂದು ರಸ್ತೆಯ ಆಚೆ ಬದಿಗೂ ಕಾಣುವಷ್ಟು ದಪ್ಪ ಅಂಕಿಗಳಲ್ಲಿತ್ತು. ಕಡೆಗೆ ನನ್ನ ಲೆಕ್ಕಕ್ಕೆ ಬಂದದ್ದು 24,540 ರೂಪಾಯಿ, ಜೊತೆಗೆ 2,600 ರೂಪಾಯಿಗೆ ಕೊಟ್ಟ ಹಳೆಯ ಫೋನು. ಎರಡನ್ನೂ ಕೂಡಿಸಿದರೆ 27,140. ಡಬ್ಬಿಯ ಮೇಲೆ ಅಚ್ಚಾಗಿರುವ ಎಂಆರ್‌ಪಿ 26,999. ರಿಯಾಯಿತಿಯ ಹಬ್ಬದಲ್ಲಿ ಎಂಆರ್‌ಪಿಗಿಂತ ಹೆಚ್ಚು ಹಣ ನನ್ನ ಕೈಯಿಂದ ಹೇಗೆ ಹೋಯಿತು ಎಂಬುದನ್ನು, ಹದಿನೈದರಿಂದ ಇಪ್ಪತ್ತೈದು ಸಾವಿರದ ಫೋನ್ ಕೊಳ್ಳಬೇಕೆಂದಿರುವ ಎಲ್ಲರೂ ತಿಳಿಯಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಫ್ಲೆಕ್ಸ್‌ನ ಆ ಅಂಕಿಯ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆ ಇತ್ತು. ಫೋನಿನ ನಿಜವಾದ ಮಾರಾಟ ಬೆಲೆ 23,999. ಅದರಲ್ಲಿ ಒಂದು ನಿರ್ದಿಷ್ಟ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ 1,500, ಕಂಪನಿ ಪಟ್ಟಿ ಮಾಡಿರುವ ಕೆಲವು ಮಾಡೆಲ್‌ಗಳನ್ನು ಹಿಂತಿರುಗಿಸಿದವರಿಗೆ ಎಕ್ಸ್‌ಚೇಂಜ್ ಬೋನಸ್ ಎಂದು 2,500 ಕಳೆದರೆ 19,999 ಬರುತ್ತದೆ. ಎರಡೂ ಷರತ್ತು ಒಟ್ಟಿಗೆ ಕೂಡಿಬರುವವರು ನೂರರಲ್ಲಿ ಎಷ್ಟು ಮಂದಿ ಇದ್ದಾರು? ನನ್ನ ಬಳಿ ಆ ಕಾರ್ಡ್ ಇರಲಿಲ್ಲ, ನಮ್ಮ ಹಳೆಯ ಫೋನು ಆ ಪಟ್ಟಿಯಲ್ಲೂ ಇರಲಿಲ್ಲ. ಹಳೆಯ ಫೋನಿಗೆ ಮೊದಲು ಬಾಯಲ್ಲಿ 4,200 ಎಂದವರು, ಕ್ಯಾಮೆರಾದ ಪಕ್ಕದ ಒಂದು ಗೀರನ್ನು ಟಾರ್ಚ್ ಹಾಕಿ ತೋರಿಸಿ 2,600ಕ್ಕೆ ಇಳಿಸಿದರು. ಅಷ್ಟು ಹೊತ್ತಿಗೆ ಮಗಳು ಹೊಸ ಫೋನಿನ ಬಣ್ಣವನ್ನೂ ಆರಿಸಿಕೊಂಡಿದ್ದಳು. ಎದ್ದು ಹೊರಡಲು ನನಗೆ ಮನಸ್ಸಾಗಲಿಲ್ಲ.

ಅದೇ ಫ್ಲೆಕ್ಸ್‌ನಲ್ಲಿ ಜಿಎಸ್‌ಟಿ ಇಳಿಕೆಯ ಹಬ್ಬ ಎಂಬ ಸಾಲೂ ಇತ್ತು. ಸೆಪ್ಟೆಂಬರ್ 22ರಿಂದ ಹಲವು ವಸ್ತುಗಳ ಜಿಎಸ್‌ಟಿ ಇಳಿದದ್ದು ನಿಜ, ದೊಡ್ಡ ಟಿವಿಗಳಿಗೂ ಇಳಿಯಿತು. ಆದರೆ ಮೊಬೈಲ್ ಫೋನಿನ ಮೇಲೆ 2020ರ ಏಪ್ರಿಲ್‌ನಿಂದ ಇರುವ ಶೇ. 18 ಹಾಗೆಯೇ ಉಳಿದಿದೆ. ಈ ಮಾತನ್ನು ನಾನು ತಿಳಿದುಕೊಂಡದ್ದು ಮನೆಗೆ ಬಂದು ಬಿಲ್ ಓದುವಾಗ.

ನಿಜವಾದ ಪೆಟ್ಟು ಬಿದ್ದದ್ದು ಕಂತಿನ ಕೌಂಟರಿನಲ್ಲಿ. ನೋ ಕಾಸ್ಟ್ ಇಎಂಐ, ಮುಂಗಡವೂ ಬೇಡ, ಬಡ್ಡಿಯೂ ಇಲ್ಲ ಎಂದು ಅಂಗಡಿಯೊಳಗೇ ಮೇಜು ಹಾಕಿಕೊಂಡು ಕೂತಿದ್ದ ಫೈನಾನ್ಸ್ ಕಂಪನಿಯ ಹುಡುಗ ನನ್ನ ಆಧಾರ್ ಮತ್ತು ಪ್ಯಾನ್ ಪಡೆದು ಟೈಪು ಮಾಡುತ್ತಾ ಹೋದ. "ಸರ್, ಒಂದು ಓಟಿಪಿ ಬಂದಿರುತ್ತೆ, ಹೇಳಿ" ಎಂದ, ಹೇಳಿದೆ. ಎರಡು ನಿಮಿಷ ಬಿಟ್ಟು "ಇನ್ನೊಂದು ಬಂತಾ ನೋಡಿ ಸರ್" ಎಂದ, ಹೇಳಿದೆ. ಮೂರನೆಯ ಸಲ ಆತ ನನ್ನ ಫೋನನ್ನೇ ಕೈಗೆ ತೆಗೆದುಕೊಂಡು ತಾನೇ ನೋಡಿಕೊಂಡ. ಹಿಂದೆ ಜನ ನಿಂತಿದ್ದರು, ನನಗೂ ಮುಗಿದರೆ ಸಾಕಾಗಿತ್ತು. ರಾತ್ರಿ ಊಟವಾದ ಮೇಲೆ ಮೆಸೇಜುಗಳನ್ನು ಒಂದೊಂದಾಗಿ ತೆರೆದಾಗ, ಮೊದಲನೆಯ ಓಟಿಪಿ ಸಾಲಕ್ಕೆ, ಎರಡನೆಯದು 1,499 ರೂಪಾಯಿಯ ಸ್ಕ್ರೀನ್ ವಿಮೆಗೆ, ಮೂರನೆಯದು 699 ರೂಪಾಯಿಯ ಹೆಲ್ತ್ ಕಾರ್ಡ್ ಒಂದಕ್ಕೆ ನಾನು ಕೊಟ್ಟ ಒಪ್ಪಿಗೆ ಎಂದು ತಿಳಿಯಿತು. ಪ್ರೊಸೆಸಿಂಗ್ ಫೀ 799, ಅದಕ್ಕೆ ಜಿಎಸ್‌ಟಿ ಸೇರಿ 943 ರೂಪಾಯಿಯನ್ನು ಅಲ್ಲೇ ಕಟ್ಟಿಸಿಕೊಂಡಿದ್ದರು. ಉಳಿದ 23,597 ಒಂಬತ್ತು ಕಂತುಗಳಾಗಿ ಹಂಚಿಹೋಗಿತ್ತು.

ಮರುವಾರ ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಅದೇ ಅಂಗಡಿಯಲ್ಲಿ ಅದೇ ಫೋನನ್ನು ನಗದು ಕೊಟ್ಟು 22,500ಕ್ಕೆ ತಂದರು. ಅಲ್ಲಿಗೆ ಬಡ್ಡಿಯಿಲ್ಲದ ಕಂತಿನ ಗುಟ್ಟು ನನಗೆ ಅರ್ಥವಾಯಿತು. ನಗದು ಕೊಟ್ಟವರಿಗೆ ಸಿಗುವ 1,499ರ ರಿಯಾಯಿತಿಯನ್ನು ಕಂತಿನವರಿಗೆ ಕೊಡದೆ ಉಳಿಸಿಕೊಂಡರೆ ಅದೇ ಬಡ್ಡಿ. ಪ್ರೊಸೆಸಿಂಗ್ ಫೀ ಅದರ ಮೇಲಿನದು. ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದೂ, ಕ್ರೆಡಿಟ್ ಕಾರ್ಡಿನ ಇಂಥ ಕಂತುಗಳಲ್ಲಿ ಬಡ್ಡಿಯನ್ನು ಹಲವು ಬಾರಿ ಪ್ರೊಸೆಸಿಂಗ್ ಫೀ ರೂಪದಲ್ಲಿ ಮರೆಮಾಚಲಾಗುತ್ತದೆ ಎಂದೂ ಸ್ಪಷ್ಟವಾಗಿ ಹೇಳಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿದೆ, ಅದನ್ನು ನಾನು ಮೊದಲೇ ತಿಳಿದಿರಬೇಕಿತ್ತು. 2024ರ ಅಕ್ಟೋಬರ್ 1ರಿಂದ ಇಂಥ ಸಾಲ ಕೊಡುವವರೆಲ್ಲರೂ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ವಿವರ ಪತ್ರವನ್ನು ಸಾಲ ಪಡೆಯುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಸಾಲಕ್ಕೆ ಒಪ್ಪುವ ಮೊದಲೇ ಕೊಡಬೇಕು; ವಿಮೆಯೂ ಸೇರಿ ಎಲ್ಲ ಶುಲ್ಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ವಾರ್ಷಿಕ ದರವನ್ನು ಅದರಲ್ಲಿ ತೋರಿಸಬೇಕು; ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ ಆ ಪತ್ರ ಕನಿಷ್ಠ ಮೂರು ಕೆಲಸದ ದಿನ ಚಾಲ್ತಿಯಲ್ಲಿರಬೇಕು. ಅಂದರೆ ಪತ್ರವನ್ನು ಮನೆಗೆ ಒಯ್ದು ಓದಿ ಯೋಚಿಸುವ ಅವಕಾಶ ನಮಗಿದೆ. ನನಗೆ ಅದು ಬಂದದ್ದು ಇಂಗ್ಲಿಷಿನಲ್ಲಿ, ಲಿಂಕಿನ ರೂಪದಲ್ಲಿ, ಫೋನಿನ ಸೀಲು ಒಡೆದ ಮೇಲೆ. "ಆಫರ್ ಇವತ್ತು ರಾತ್ರಿಗೆ ಮುಗಿಯುತ್ತೆ" ಎಂಬ ಮಾತು ಆಡಿದ ಅಂಗಡಿಯಲ್ಲಿ ಅದೇ ಆಫರ್ ದೀಪಾವಳಿಯವರೆಗೂ ಇತ್ತು.

ಫೋನಿನ ಬಗ್ಗೆಯೂ ಎರಡು ಮಾತು. ಡಬ್ಬಿಯ ಮೇಲೆ 16 ಜಿಬಿ ರ‍್ಯಾಮ್ ಎಂದಿತ್ತು. ನಿಜವಾದದ್ದು 8, ಉಳಿದ 8 ಸ್ಟೋರೇಜಿನಿಂದ ಎರವಲು ತೆಗೆದದ್ದು. ಸ್ಟೋರೇಜಿನ ವೇಗ ರ‍್ಯಾಮಿನ ವೇಗಕ್ಕೆ ಸಮವಲ್ಲವಾದ್ದರಿಂದ ಅದನ್ನು ರ‍್ಯಾಮ್ ಎಂದು ಕೂಡಿಸಿ ಹೇಳುವುದು ನ್ಯಾಯವಲ್ಲ. ಹಿಂದಿನ ಮೂರು ಕ್ಯಾಮೆರಾ ವೃತ್ತಗಳಲ್ಲಿ ಒಂದು 50 ಮೆಗಾಪಿಕ್ಸೆಲ್, ಇನ್ನೊಂದು ಬರೀ 2, ಮೂರನೆಯದು ಫ್ಲ್ಯಾಶ್. ಈ ಬೆಲೆಯ ಫೋನುಗಳಲ್ಲಿ ಕಣ್ಣಿಗೆ ಕಾಣುವುದಕ್ಕೆ ಹಣ ಸುರಿದು ಕಾಣದಿರುವಲ್ಲಿ ಉಳಿಸುವುದು ಸಾಮಾನ್ಯ. ಆದ್ದರಿಂದ ಪ್ರೊಸೆಸರ್ ಯಾವುದು, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ. ನನಗೆ ಇದನ್ನೆಲ್ಲ ವರ್ಣಿಸಿದ ಟೀ ಶರ್ಟಿನ ಹುಡುಗ ಅಂಗಡಿಯವನಲ್ಲ, ಆ ಬ್ರ್ಯಾಂಡಿನ ಪ್ರಮೋಟರ್. ತಿಂಗಳ ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ ಸಿಗುತ್ತದೆ ಎಂದು ಅವನೇ ಹೇಳಿದ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಬೇರೆ ಬ್ರ್ಯಾಂಡಿನ ಫೋನ್ ಚೆನ್ನಾಗಿದೆಯೇ ಎಂದು ಅವನನ್ನು ಕೇಳಿ ಪ್ರಯೋಜನವಿಲ್ಲ.

ಕೇಳದೆ ಬಿಲ್ಲಿಗೆ ಸೇರಿಸುವುದು, ಬೆಲೆಯನ್ನು ಹನಿಹನಿಯಾಗಿ ಏರಿಸುವುದು, ಸುಳ್ಳು ಅವಸರ ಹುಟ್ಟಿಸುವುದು ಇವನ್ನೆಲ್ಲ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರಕ್ಕೆ ಸಂಬಂಧಿಸಿ ನಿಷೇಧಿಸಿದೆ. ಅಂಗಡಿಯ ಕೌಂಟರಿನಲ್ಲಿ ನಡೆದದ್ದೂ ಅದೇ ಆಟವೆಂದು ನನಗೆ ಅನ್ನಿಸಿದ್ದರಿಂದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಕೈಯಲ್ಲಿ ಬಿಲ್, ಮೂರೂ ಓಟಿಪಿ ಮೆಸೇಜು, ಫ್ಲೆಕ್ಸ್‌ನ ಫೋಟೊ ಇದ್ದದ್ದು ಉಪಯೋಗಕ್ಕೆ ಬಂತು. ನೀವೂ ಒಳಗೆ ಹೋಗುವ ಮೊದಲೇ ಫ್ಲೆಕ್ಸ್‌ನ ಫೋಟೊ ತೆಗೆದುಕೊಳ್ಳಿ, ಓಟಿಪಿ ಹೇಳುವ ಮುನ್ನ ಆ ಮೆಸೇಜಿನಲ್ಲಿ ಅದು ಯಾವುದಕ್ಕೆ ಎಂದು ಬರೆದಿರುವುದನ್ನು ಪೂರ್ತಿ ಓದಿ, ಕಂತಿನ ಮಾತು ತೆಗೆಯುವ ಮೊದಲೇ ನಗದಾದರೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಐದು ವಾರಗಳ ನಂತರ ಹೆಲ್ತ್ ಕಾರ್ಡಿನ 699 ರೂಪಾಯಿ ನನ್ನ ಖಾತೆಗೆ ಮರಳಿತು. ವಿಮೆಯ 1,499ಕ್ಕೆ ಮಾತ್ರ, ಓಟಿಪಿ ತಾವೇ ಕೊಟ್ಟಿದ್ದೀರಿ ಎಂಬ ಒಂದೇ ಸಾಲಿನ ಉತ್ತರ ಬಂದಿದೆ.